ನಾಲ್ಕು ಕಾಲಿನ ಬಾಗಿಲು

ಅಥವಾ ಅವಳು ಮಲಗಿರಲೇ ಇಲ್ಲವೋ ಏನೋ, ಕೂತಿದ್ದಳೋ ಏನೋ. ಈ ಸಂಗತಿಯನ್ನು ಮೂವತ್ತು ಸಲವಾದರೂ ಹೇಳಿದ್ದೇನೆ. ಹೇಳುವಾಗಲೆಲ್ಲ ಅತ್ತೆಯನ್ನು ಲಾರಿಯ ಮೇಲಿನ ಮಂಚದಲ್ಲಿ ಅಂಗಾತ ಮಲಗಿಸಿ, ಕೈಗೊಂದು ಛತ್ರಿ ಕೊಡುತ್ತೇನೆ. ಕೇಳುವವರು ನಗುತ್ತಾರೆ. ಅವರು ಸರಿಯಾಗಿ ಅದೇ ಜಾಗದಲ್ಲಿ ನಗುವುದರಿಂದಲೇ ನನಗೆ ಅನುಮಾನ. ಬೇಸಿಗೆಯ ಬಿಸಿಲಿನಲ್ಲಿ, ತೆರೆದ ಲಾರಿಯಲ್ಲಿ, ದಾಂಡೇಲಿಯಿಂದ ಹಳಿಯಾಳದವರೆಗೆ ಐವತ್ತರ ಹೆಂಗಸೊಬ್ಬಳು ಹಾಗೆ ಮಲಗಿ ಹೋಗಿದ್ದಾಳೆಯೇ? ನಮ್ಮ ಮನೆಯಲ್ಲಿದ್ದ ಒಂದೇ ಛತ್ರಿ ಅಪ್ಪನದು, ಅಪ್ಪ ಅದನ್ನು ಯಾರಿಗೂ ಕೊಡುತ್ತಿರಲಿಲ್ಲ. ಹಾಗಾದರೆ ಛತ್ರಿಯನ್ನು ತೆಗೆದುಬಿಡುತ್ತೇನೆ. ಮಂಚ ಮಾತ್ರ ಇತ್ತು. ಅದರಲ್ಲಿ ಅನುಮಾನವಿಲ್ಲ, ಯಾಕೆಂದರೆ ಮುಂದೆ ಎಷ್ಟೋ ವರ್ಷ ನಾನು ಆ ಮಂಚದೊಳಗೆ ತಲೆ ತಗ್ಗಿಸಿ ಹಾಯ್ದು ಊಟಕ್ಕೆ ಹೋಗಿದ್ದೇನೆ.

ಅತ್ತೆ ಎಂದರೆ ಅಪ್ಪನ ಅಕ್ಕ. ಮುಂಡಗೋಡದ ಕಡೆಯ ಹಳ್ಳಿಯೊಂದಕ್ಕೆ ಕೊಟ್ಟಿದ್ದರು. ಗಂಡ ಬೇಗ ಹೋದ, ಮಕ್ಕಳಿರಲಿಲ್ಲ. ಗಂಡನ ಅಣ್ಣನ ಮನೆಯಲ್ಲಿ ಕೆಲವು ವರ್ಷ ದುಡಿದು, ಆಮೇಲೆ ತಮ್ಮನ ಮನೆಗೆ ಅಂತ ದಾಂಡೇಲಿಗೆ ಬಂದಳು. ತಮ್ಮನ ಮನೆ ತಮ್ಮನದಾಗಿರಲಿಲ್ಲ, ಕಾರ್ಖಾನೆಯದು. ಎರಡು ಕೋಣೆಯ ಕ್ವಾರ್ಟರ್ಸು. ಅದರ ನಿಯಮಗಳ ಪ್ರಕಾರ ಕಾಮಗಾರನ ಜೊತೆ ಹೆಂಡತಿ, ಮಕ್ಕಳು, ತಂದೆತಾಯಿ ಇರಬಹುದು. ಅಕ್ಕ ಆ ಪಟ್ಟಿಯಲ್ಲಿ ಇರಲಿಲ್ಲ. ಅಕ್ಕ ಅತಿಥಿ. ಅತಿಥಿ ಮೂವತ್ತು ದಿನಕ್ಕಿಂತ ಹೆಚ್ಚು ಇರುವಂತಿಲ್ಲ.

ಅತ್ತೆ ಹನ್ನೊಂದು ವರ್ಷ ಅತಿಥಿಯಾಗಿದ್ದಳು.

ಮೂವತ್ತು ದಿನ ಮೀರುವಂತಿಲ್ಲ ಎಂದು ಬರೆದವರು ಎಷ್ಟು ಸಲ ಬರಬಹುದು ಎಂದು ಬರೆಯಲು ಮರೆತಿದ್ದರು. ಮೂವತ್ತನೆಯ ದಿನ ಮಧ್ಯಾಹ್ನ ಅತ್ತೆ ಒಂದು ಕೈಚೀಲದಲ್ಲಿ ಸೀರೆ, ಎಲೆಯಡಿಕೆ ಚಂಚಿ ಹಾಕಿಕೊಂಡು ಕಾಲನಿಯ ಗೇಟಿಗೆ ಹೋಗಿ ವಾಚಮನ್ನನ ಎದುರು ಹೆಬ್ಬೆಟ್ಟು ಒತ್ತಿ ಹೊರಬೀಳುತ್ತಿದ್ದಳು. ಮರುದಿನ ಅದೇ ಗೇಟಿನಲ್ಲಿ ಅದೇ ಹೆಬ್ಬೆಟ್ಟು ಒತ್ತಿ ಹೊಸ ಅತಿಥಿಯಾಗಿ ಒಳಬರುತ್ತಿದ್ದಳು.

"ಬಂದ್ರೇನ್ರಿ ಅಕ್ಕಾರ? ಪ್ರವಾಸ ಹೆಂಗಾತು?" ಎಂದು ವಾಚಮನ್ ಗಂಭೀರವಾಗಿ ಕೇಳುತ್ತಿದ್ದ.

"ಏನ ಹೇಳಲಿ ತಮ್ಮಾ, ಭಾಳ ದೂರ. ಕಾಲು ಸೋತು ಹೋದ್ವು."

"ಈ ಸಲಾ ಎಷ್ಟ ದಿನಾ ಇರ್ತೀರಿ?"

"ನೋಡೂಣು. ಅವರು ಬಿಟ್ಟಷ್ಟ."

ದೂರ ಎಂದರೆ ಕೋಗಿಲಬನ. ನಡೆದು ಹೋಗುವಷ್ಟು ಹತ್ತಿರದ ಊರು. ಮೊದಲ ತಿಂಗಳು ಗೇಟು ದಾಟಿದ ಮೇಲೆ ಎಲ್ಲಿಗೆ ಹೋಗಬೇಕು ಎಂಬುದೇ ಅತ್ತೆಗೆ ಗೊತ್ತಿರಲಿಲ್ಲವಂತೆ. ಸಂತೆಯ ಮೂಲೆಯಲ್ಲಿ ಕೂತಳಂತೆ. ಪಕ್ಕದಲ್ಲಿ ಹಲಸಿನ ತೊಳೆ ಮಾರುತ್ತಿದ್ದ ಸಿದ್ದಿ ಹೆಂಗಸೊಬ್ಬಳು ಮಾರಾಟ ಮುಗಿಸಿ ಬುಟ್ಟಿ ಎತ್ತಿದವಳು, ಇವಳು ಇನ್ನೂ ಕೂತೇ ಇರುವುದನ್ನು ನೋಡಿ, "ಯೋ ಗೋ ಬಾಯಿ, ಬಾ. ಸಂತಿ ಮುಗೀತು, ಇನ್ನ ನಿನ್ನ ಯಾರೂ ಕೊಳ್ಳೂದಿಲ್ಲ" ಎಂದಳಂತೆ. ಅಂದಿನಿಂದ ಪ್ರತಿ ತಿಂಗಳ ಒಂದು ರಾತ್ರಿ ಅತ್ತೆ ಕೋಗಿಲಬನದ ಆ ಮನೆಯಲ್ಲಿ. ಗೆಳತಿಯ ಮನೆಯಲ್ಲಿ ಗೋಡೆಗೊಂದು ಶಿಲುಬೆ, ಅದರ ಕೆಳಗೆ ಚಾಪೆ. ಅತ್ತೆ ಅಲ್ಲಿ ಮಲಗಿ ಎದ್ದು ಬಂದರೆ ಎರಡು ದಿನ ಯಾರ ಮೇಲೂ ಸಿಡುಕುತ್ತಿರಲಿಲ್ಲ ಎಂದು ಅವ್ವ ಹೇಳುತ್ತಿದ್ದಳು.

ನಮ್ಮ ಮನೆಯಲ್ಲಿ ಅತ್ತೆ ಮಲಗುತ್ತಿದ್ದುದು ಅಡುಗೆಕೋಣೆಯಲ್ಲಿ, ಒರಳು ಮತ್ತು ನೀರಿನ ಪೀಪಾಯಿಯ ನಡುವೆ. ಆ ಕೋಣೆಗೆ ಬಾಗಿಲು ಇರಲಿಲ್ಲ, ಹಳೆಯ ಸೀರೆಯ ಪರದೆ. ನೀರು ಕುಡಿಯಲು ಯಾರೇ ಎದ್ದರೂ ಅವಳನ್ನು ದಾಟಿಯೇ ಹೋಗಬೇಕು. "ದಾಟಬ್ಯಾಡ್ರೋ, ನಾ ಇನ್ನ ಬೆಳೀಬೇಕು" ಎಂದು ಅವಳು ಮಲಗಿದಲ್ಲಿಂದಲೇ ಅನ್ನುತ್ತಿದ್ದಳು. ಅವಳಿಗೆ ಬೇಕಾಗಿದ್ದುದು ಒಂದೇ. ಅದನ್ನು ನನ್ನೆದುರಿಗೇ ಹೇಳಿದ್ದಳು, ಹೇಳಿದ್ದು ಪಾತ್ರೆ ತಿಕ್ಕುವಾಗ: "ಒಳಗಿಂದ ಅಗಳಿ ಹಾಕ್ಕೊಳ್ಳೂ ಹಂತಾ ಒಂದು ಬಾಗಲಾ ಬೇಕೋ ಮಾಸ್ತರಾ. ಹೊರಗಿಂದ ಯಾರ ಬಡದ್ರೂ, ತಡೀರಿ ಬರ್ತೇನಿ, ಅನ್ನಬೇಕು. ಅಂದು, ಲಗೂ ಹೋಗಬಾರದು."

ಮಾಸ್ತರ ಎಂದರೆ ನಾನು. ಆಗ ಹಳಿಯಾಳದ ಒಂದು ಶಾಲೆಯಲ್ಲಿ ಕಲಿಸುತ್ತಿದ್ದೆ, ರವಿವಾರ ದಾಂಡೇಲಿಗೆ ಬರುತ್ತಿದ್ದೆ. ಇಪ್ಪತ್ತೈದು ತುಂಬಿತ್ತು. ಜಗತ್ತಿನ ನಿಯಮಗಳನ್ನೆಲ್ಲ ಓದಿ ಅರ್ಥ ಮಾಡಿಕೊಂಡಿದ್ದೇನೆ ಎಂಬ ಭ್ರಮೆ ಇತ್ತು.

ಬಾಗಿಲಿಗೆ ಮೊದಲು ಗೋಡೆ ಬೇಕಲ್ಲ. ಗೋಡೆ ಹೇಗೋ ಎದ್ದಿದ್ದವು. ಗಂಡನ ಊರಿನಲ್ಲಿ ದನದ ಕೊಟ್ಟಿಗೆಯ ಪಕ್ಕದ ಒಂದು ತುಂಡು ಜಾಗ ತನ್ನ ಪಾಲಿಗೆ ಬರಬೇಕೆಂದು ಅತ್ತೆ ವರ್ಷಗಟ್ಟಲೆ ಹಟ ಹಿಡಿದಿದ್ದಳು. ಗಂಡನ ಅಣ್ಣ, ಅಂದರೆ ಅವಳ ಭಾವ, ಕೊಡುತ್ತೇನೆ ಎನ್ನಲಿಲ್ಲ, ಕೊಡುವುದಿಲ್ಲ ಎನ್ನಲೂ ಇಲ್ಲ. ಕೊನೆಗೆ ಊರ ಹಿರಿಯರು ಕೂತು ಒಂದು ಮಾತು ಮಾಡಿದರು. ಕಾರಹುಣ್ಣಿಮೆಯೊಳಗೆ ಆ ಜಾಗದಲ್ಲಿ ಬಾಗಿಲ ಚೌಕಟ್ಟು ನಿಂತರೆ ಅದು ಮನೆ, ಮನೆ ಅವಳದು. ನಿಲ್ಲದಿದ್ದರೆ ಅದು ಬರೀ ಮಣ್ಣಿನ ಗೋಡೆ, ಜಾಗ ಭಾವನ ದನಗಳದು. ಅತ್ತೆ ಎರಡು ಸಲ ಹೋಗಿ, ಸೀರೆ ಎತ್ತಿ ಕಟ್ಟಿ, ಇಬ್ಬರು ಆಳುಗಳ ಜೊತೆ ತಾನೂ ಮಣ್ಣು ತುಳಿದು ಗೋಡೆ ಎಬ್ಬಿಸಿ ಬಂದಿದ್ದಳು. ಬಾಗಿಲು ಬರಬೇಕಾದ ಕಡೆ ಒಂದು ಕಂಡಿ. ಭಾವ ಆ ಕಂಡಿಯಲ್ಲಿ ಒಂದು ಎಮ್ಮೆ ಕಟ್ಟಿದ್ದಾನೆ ಎಂದು ಸುದ್ದಿ ಬಂತು.

ಮರವನ್ನು ಕೊಟ್ಟವಳು ಕೋಗಿಲಬನದ ಗೆಳತಿ. ಹಿಂದಿನ ಮಳೆಗಾಲದ ಗಾಳಿಗೆ ಅವಳ ಹಿತ್ತಲಿನ ಹಲಸಿನ ಮರ ಬಿದ್ದಿತ್ತು. ಅವಳ ಗಂಡ ಬಂಡಿ, ನೇಗಿಲು, ಕುಂಟೆ ಮಾಡುವ ಕೈ. ಅವನು ಅದನ್ನು ಸೀಳಿಸಿ ಹಂಚಿನ ಕೆಳಗೆ ಒಣಗಲು ಇಟ್ಟಿದ್ದ. "ತಗೊಂಡ ಹೋಗ ಬಾಯಿ. ಇದರ ತೊಳಿ ಮಾರಾಕ ಹೋಗೇ ನೀ ನನಗ ಸಿಕ್ಕಿದ್ದು" ಎಂದಳು ಗೆಳತಿ.

ತೆಗೆದುಕೊಂಡು ಹೋಗುವುದು ಹೇಗೆ? ನಡುವೆ ಫಾರೆಸ್ಟ್ ನಾಕಾ ಇತ್ತು. ರಸ್ತೆಗೆ ಅಡ್ಡ ಒಂದು ಬಿದಿರು, ಪಕ್ಕದಲ್ಲಿ ಒಂದು ಗುಡಿಸಲು, ಗುಡಿಸಲಿನ ಮುಂದೆ ಒಬ್ಬ ಗಾರ್ಡ್. ಕಟ್ಟಿಗೆ ದಾಟಬೇಕಾದರೆ ಪಾಸು ಬೇಕು. ಪಾಸಿಗೆ ನಾನೇ ಹೋದೆ, ಓದಿದವನು ಎಂಬ ಕಾರಣಕ್ಕೆ. ಕಚೇರಿಯ ಗುಮಾಸ್ತ ನನ್ನ ಅರ್ಜಿಯನ್ನು ಎರಡು ಸಲ ಓದಿ, ಮರ ನಿಂತಿದ್ದಾಗ ಸ್ಥಳಕ್ಕೆ ಬಂದು ಪಂಚನಾಮೆ ಆಗಬೇಕಾಗಿತ್ತು ಎಂದ.

"ಅದು ಗಾಳಿಗೆ ಬಿತ್ರಿ. ಬೀಳ್ತೇನಿ ಅಂತ ಹೇಳಿ ಬೀಳಲಿಲ್ಲ."

"ಅದಕ್ಕ ಬ್ಯಾರೆ ಅರ್ಜಿ ಐತಿ. ಮಳಿಗಾಲ ಮುಗದ ಮ್ಯಾಲೆ ಬರ್ರಿ."

ಮಳೆಗಾಲ ಮುಗಿದ ಮೇಲೆ ಅಲ್ಲಿ ಎಮ್ಮೆ ಕರು ಹಾಕಿರುತ್ತದೆ.

ಉಪಾಯ ಯಾರದು ಎಂಬಲ್ಲಿ ನನ್ನ ನೆನಪು ನನಗೆ ಅನುಕೂಲವಾಗಿ ನಡೆದುಕೊಳ್ಳುತ್ತದೆ. ನಾಕಾದ ಫಲಕದ ಕೊನೆಯಲ್ಲಿ, ಬಳಕೆಯಲ್ಲಿರುವ ಮನೆಸಾಮಾನಿಗೆ ಪಾಸು ಬೇಕಿಲ್ಲ ಎಂಬ ಸಾಲನ್ನು ಬಸ್ಸಿನ ಕಿಟಕಿಯಿಂದ ನಾನೇ ಓದಿದೆ ಎಂದು ನೆನಪು. ಅಲ್ಲಿ ಫಲಕವೇ ಇರಲಿಲ್ಲ, ಅದು ತನ್ನ ತಲೆಗೆ ಹೊಳೆದದ್ದು ಎಂದು ಅತ್ತೆ ಕೊನೆಯವರೆಗೂ ಹೇಳಿದಳು. ಗೆಳತಿ ನಮ್ಮಿಬ್ಬರನ್ನೂ ನೋಡಿ ನಕ್ಕಳು. ಸೂಪಾ ಕಡೆಯಿಂದ ಇಳಿದು ಬಂದವರು ತೊಲೆಯನ್ನು ಒನಕೆ ಅಂತ ಹೇಳಿ ದಾಟಿಸಿದ್ದು ಅವಳಿಗೆ ಗೊತ್ತಿತ್ತು. "ಹಂತಾ ಒನಕಿ ಎತ್ತಿ ಕುಟ್ಟಾಕ ನಾಕ ಮಂದಿ ಬೇಕು. ಗಾರ್ಡ ಕೇಳಿದ್ನಂತ, ಇದರಾಗ ಏನ ಕುಟ್ತೀರಿ? ಇವರಂದ್ರಂತ, ನಮ್ಮದು ಕೂಡಿದ ಮನಿತನ ಸಾಹೇಬ್ರ."

ಹೀಗೆ ಮಂಚದ ಮಾತು ಬಂತು. ಯೋಚಿಸಿ ನೋಡಿದರೆ ಎಷ್ಟು ಸರಳ. ಬಾಗಿಲ ಚೌಕಟ್ಟೆಂದರೆ ಎರಡು ಉದ್ದ ತೊಲೆ, ಎರಡು ಗಿಡ್ಡ ತೊಲೆ. ಮಂಚವೂ ಅಷ್ಟೇ. ಬಾಗಿಲ ಹಲಗೆಗಳನ್ನು ಮೇಲೆ ಹಾಸಿದರೆ ಮಲಗಲು ಜಾಗ. ಕೆಳಗೆ ನಾಲ್ಕು ಕಾಲು ಕೊಟ್ಟರೆ ಮುಗಿಯಿತು, ಆಮೇಲೆ ಆ ಕಾಲುಗಳನ್ನೇ ಕಿಟಕಿಗೆ ಸರಳು ಮಾಡಬಹುದು. ಮಂಚ ಎಂಬುದು ದಣಿದು ಮಲಗಿದ ಬಾಗಿಲು.

ಅತ್ತೆ ಒಂದೇ ಒಂದು ತಪ್ಪು ಮಾಡಿದಳು. ಗುಟ್ಟನ್ನು ಗೆಳತಿಯ ಗಂಡನಿಗೆ ಹೇಳಬಾರದು ಎಂದಳು. "ಅವ ಒಳ್ಳೆಂವ ಅದಾನ. ಆದರ ಒಳ್ಳೆಂವಗ ಚಾದ ಅಂಗಡ್ಯಾಗ ಬಾಯಿ ನಿಲ್ಲೂದಿಲ್ಲ." ಹಾಗಾಗಿ ಮಂಚ ಬೇಕು ಎಂದಷ್ಟೇ ಹೇಳಿದೆವು. ಆರೂವರೆ ಅಡಿ ಉದ್ದ, ಮೂರು ಅಡಿ ಅಗಲ, ತೊಲೆ ದಪ್ಪ ಇರಬೇಕು.

ಅವನು ಅತ್ತೆಯನ್ನು ಮೇಲಿಂದ ಕೆಳಗೆ ನೋಡಿದ. ಅತ್ತೆ ಗಿಡ್ಡ. ಸಂತೆಯಲ್ಲಿ ಕಳೆದರೆ ಬುಟ್ಟಿಗಳ ನಡುವೆ ಹುಡುಕಬೇಕು.

"ಮಲಗೋರು ಯಾರು?"

"ನಾನಽ."

"ಆರೂವರಿ ಫೂಟ ಯಾಕ ಅಕ್ಕಾ? ಉಳದ ಜಾಗಾದಾಗ ಏನ ಜ್ವಾಳಾ ಬಿತ್ತತೀ?"

"ನಂಗ ಕಾಲ ಚಾಚೂ ಚಟಾ."

"ಮತ್ತ ತೊಲಿ ಇಷ್ಟ ದಪ್ಪ? ಆನಿ ಏರತೈತೇನು?"

"ಕನಸಿನ್ಯಾಗ ಒದ್ದಾಡ್ತೇನೋ ಅಣ್ಣಾ, ನಿಂಗೇನು ಗೊತ್ತು."

ಅವನು ತಲೆ ಅಲ್ಲಾಡಿಸಿದ. ಮಂಚವನ್ನು ಮಲಗುವವರ ಮೈ ಅಳೆದೇ ಮಾಡಬೇಕು ಎಂಬುದು ಅವನು ಕಲಿತ ಕಸುಬಿನ ಮಾತು. ತಲೆಯಿಂದ ಹಿಮ್ಮಡಿಯವರೆಗೆ ದಾರ ಹಿಡಿದು, ಅದಕ್ಕೆ ಒಂದು ಗೇಣು ಸೇರಿಸಬೇಕು. ಅದಕ್ಕಿಂತ ಉದ್ದವಾದರೆ ಮಂಚ ಮತ್ತೊಬ್ಬರನ್ನು ಕರೆಯುತ್ತದಂತೆ. ಆ ಮತ್ತೊಬ್ಬರು ಯಾರು ಎಂಬುದನ್ನು ಅವನು ಹೇಳಲಿಲ್ಲ. ಗಂಡನೂ ಆಗಬಹುದು, ಯಮನೂ ಆಗಬಹುದು, ಎರಡೂ ವಿಧವೆಗೆ ಸಲ್ಲದು ಎಂದುಕೊಂಡನೋ ಏನೋ. ನಮ್ಮೆದುರು ಹೂಂ ಎಂದ. ಅತ್ತೆ ಎಲೆಯಡಿಕೆ ಹಾಕಿಕೊಳ್ಳಲು ಗೋಡೆಗೊರಗಿ ಕಾಲು ಚಾಚಿ ಕೂತಾಗ, ಮಾತಿನ ನಡುವೆ ಒಂದು ದಾರ ತಂದು ಅಳೆದೇಬಿಟ್ಟ. ಅವನು ಇಲಿ ಓಡಿಸುತ್ತಿದ್ದಾನೆ ಎಂದು ನಾನು ತಿಳಿದಿದ್ದೆ.

ಎರಡು ವಾರದ ಮೇಲೆ ನಾನೂ ಅತ್ತೆಯೂ ಹೋದಾಗ ಅಂಗಳದಲ್ಲಿ ಮಂಚ ಸಿದ್ಧವಾಗಿತ್ತು. ಹಳದಿ ಬಣ್ಣದ, ದಪ್ಪ ತೊಲೆಯ, ನೋಡಿದರೆ ಕೂಡಲೇ ಕೂರಬೇಕೆನಿಸುವಂಥ ಮಂಚ. ಅಂಥ ಕೆಲಸ ಅವನು ಬೇರೆ ಮಾಡಿರಲಿಲ್ಲ ಎಂದು ಗೆಳತಿ ಹೇಳಿದಳು. ಅತ್ತೆ ಒಂದು ಸುತ್ತು ಬಂದಳು. ಆಮೇಲೆ ನನ್ನನ್ನು ಕರೆದು, "ಇದನ್ನ ಎತ್ತಿ ನಿಂದರಸೋ" ಎಂದಳು. ನಾನೂ ಗೆಳತಿಯೂ ಸೇರಿ ಅದನ್ನು ಗೋಡೆಗೆ ನಿಲ್ಲಿಸಿದೆವು. ಅತ್ತೆ ಅದರ ಎದುರು ಹೋಗಿ ನಿಂತಳು. ಅವಳ ತಲೆಯ ಮೇಲೆ ಸರಿಯಾಗಿ ಒಂದು ಗೇಣು.

ನಾನು ಹೋಗಿ ನಿಂತೆ. ಮೇಲಿನ ತೊಲೆ ನನ್ನ ಮೂಗಿಗೆ ಬಂತು.

"ಮಂಚಾ ಎತ್ತಿ ನಿಂದರಿಸಿ ಅದರ ಮುಂದ ನಿಂತು ನೋಡೋರನ್ನ ನಾ ಇವತ್ತಽ ನೋಡಿದ್ದು" ಎಂದ ಅವನು.

ಆಗ ಗೆಳತಿಗೆ ತಡೆಯಲಾಗಲಿಲ್ಲ. ಕೊಂಕಣಿಯಲ್ಲಿ ಗಂಡನಿಗೆ ಎಲ್ಲವನ್ನೂ ಹೇಳಿದಳು, ಹೇಳುತ್ತ ಹೇಳುತ್ತ ನೆಲಕ್ಕೆ ಕೂತು ನಕ್ಕಳು. ಅವನು ನಗಲಿಲ್ಲ. ಅವನಿಗೆ ನಿಜಕ್ಕೂ ನೋವಾಗಿತ್ತು. "ಬಾಗಲಾ ಅಂದಿದ್ರ ಬಾಗಲಾ ಮಾಡತಿದ್ದೆ. ಮಂಚಾ ಅಂದ್ರಿ, ಮಂಚಾ ಮಾಡೀನಿ. ನನ್ನ ಕೈಯಾಗ ಸುಳ್ಳು ಹೇಳಿಸಿ ಈಗ ನನ್ನ ಅಳತಿ ತಪ್ಪಂತೀರಿ."

ಬೇರೆ ಮರವಿರಲಿಲ್ಲ. ಉದ್ದ ತೊಲೆಗಳನ್ನು ಕತ್ತರಿಸಿಯಾಗಿತ್ತು. ಕಾರಹುಣ್ಣಿಮೆಗೆ ಎಂಟು ಹತ್ತು ದಿನ. ಅತ್ತೆ ಆ ಚೌಕದ ಮುಂದೆ ಇನ್ನೊಮ್ಮೆ ನಿಂತಳು. ಸೆರಗು ಸರಿ ಮಾಡಿಕೊಂಡು, ಹಲಗೆಗಳ ಆಚೆ ಏನೋ ಕಾಣುತ್ತಿದೆ ಎಂಬಂತೆ ನೋಡಿದಳು.

"ನಾ ಹೋಗತೇನಲ್ಲ" ಎಂದಳು. "ಮನಿ ಯಾರದು?"

ಅಳತೆ ತಪ್ಪಿದ ಮೇಲೆ ಉಳಿದದ್ದು ವಯಸ್ಸು. ಮಂಚ ಹೊಸದಾಗಿ ಕಾಣುತ್ತಿತ್ತು, ಹೊಸದಾಗಿ ನಾರುತ್ತಿತ್ತು. ಗೆಳತಿಯ ಮನೆಯವರು ಅದನ್ನು ಹಳೆಯದು ಮಾಡಲು ಹೊರಟರು. ಎಳ್ಳೆಣ್ಣೆಗೆ ಒಲೆಯ ಮಸಿ ಕಲಸಿ ತಿಕ್ಕಿದರು. ಬಿಸಿ ಪಾತ್ರೆ ಇಟ್ಟು ಎರಡು ಕಡೆ ಸುಟ್ಟ ಗುರುತು ಮಾಡಿದರು. ತಲೆದಿಂಬು ಬರುವ ಕಡೆ ಅತ್ತೆ ಸ್ವತಃ ಕೂತು ಸುಣ್ಣದ ಬೆರಳು ಒರೆಸಿದಳು. ಕಾಲ ಬಳಿ ಕೋಳಿಯೊಂದನ್ನು ಮೂರು ದಿನ ಕಟ್ಟಿದ್ದರು, ಅದು ತನ್ನ ಪಾಲಿನ ಕೆಲಸವನ್ನು ಚೆನ್ನಾಗಿ ಮಾಡಿತು. ಗೆಳತಿಯ ಗಂಡ ಮಾತ್ರ ದೂರ ಕೂತು ಬೀಡಿ ಸೇದುತ್ತ, "ಹಿಂಗ ಮಾಡೂದಕ್ಕ ನಾ ಯಾಕ ನುಣ್ಣಗ ಮಾಡಬೇಕಾಗಿತ್ತು?" ಎಂದು ಎಲ್ಲರನ್ನೂ ಕೇಳಿದ.

ಬಿದಿರು ಇಳಿಸಿ ಖಾಲಿ ವಾಪಸಾಗುವ ಲಾರಿಯೊಂದು ಮುಂಡಗೋಡದ ದಾರಿಯಲ್ಲಿ ಹೋಗುವುದಿತ್ತು. ಡ್ರೈವರ್ ಒಪ್ಪಿದ. ಮಂಚವನ್ನು ಬಿಚ್ಚದೆ, ಕಾಲುಗಳ ಮೇಲೆ ನಿಲ್ಲಿಸಿಯೇ ಮೇಲೇರಿಸಿ ಹಗ್ಗ ಕಟ್ಟಿದೆವು. ಅದರ ಮೇಲೆ ಕೌದಿ, ಅದರ ಮೇಲೆ ಅತ್ತೆ. ಬಳಕೆಯಲ್ಲಿರುವ ಸಾಮಾನು ಎಂದ ಮೇಲೆ ಬಳಕೆ ಕಾಣಬೇಕಲ್ಲ. ನಾನು ಪಕ್ಕದಲ್ಲಿ ಲಾರಿಯ ಹಲಗೆ ಹಿಡಿದು ನಿಂತೆ. ಮಲಗಿದ್ದಳು ಎಂದೇ ಇಟ್ಟುಕೊಳ್ಳೋಣ, ನಾಕಾ ಬಂದಾಗಲಾದರೂ ಮಲಗಿದ್ದಳು. ತಲೆಯ ಮೇಲೆ ಒದ್ದೆ ಟವೆಲು.

ಗಾರ್ಡ್ ಎತ್ತರದ ಆಳು. ವಾರವಾರ ಬಸ್ಸಿನಲ್ಲಿ ಹಾಯುವ ನನ್ನ ಮುಖ ಅವನಿಗೆ ಗೊತ್ತಿತ್ತು. ಬಿದಿರನ್ನು ಎತ್ತುವ ಮೊದಲು, ಯಾವ ಊರಿಗೆ ಎಂದು ಡ್ರೈವರನಿಂದ ಕೇಳಿಕೊಂಡು, ಲಾರಿಯ ಚಕ್ರದ ಮೇಲೆ ಕಾಲಿಟ್ಟು ಮೇಲೆ ಇಣುಕಿದ.

"ಏನಿದು?"

"ಮಂಚ್ರಿ" ಎಂದೆ.

"ಮಾಸ್ತರ, ಮಂಚ ಅಂತ ನನಗೂ ಕಾಣತೈತಿ. ಮ್ಯಾಲೇನೈತಿ?"

"ನಮ್ಮತ್ತಿ."

ಅತ್ತೆ ಕಣ್ಣು ತೆರೆಯದೆ ನರಳಿದಳು. ನರಳುವುದನ್ನು ನಾವು ಮಾತಾಡಿರಲಿಲ್ಲ, ಅದು ಅವಳ ಸ್ವಂತ ಸೇರ್ಪಡೆ.

"ಆರಾಮಿಲ್ಲೇನ್ರಿ ಅವರಿಗೆ?"

"ಆರಾಮ ಅದೇನಿ" ಎಂದು ಅತ್ತೆಯೇ ಉತ್ತರ ಕೊಟ್ಟಳು. "ಮಂಚದ ಮ್ಯಾಲೆ ಮಲಗೋರು ಆರಾಮ ಇರೂದಿಲ್ಲೇನು?"

ಅವನು ಒಳಗೆ ಹತ್ತಿದ. ತೊಲೆಯನ್ನು ಬೆರಳಿನಿಂದ ಬಡಿದ. "ಎಷ್ಟ ವರ್ಷದ್ದು?"

"ನನ್ನ ಲಗ್ನದಾಗ ತವರಮನ್ಯಾಗ ಕೊಟ್ಟಿದ್ದು."

ಆ ಮಸಿಯೆಣ್ಣೆ ಎಲ್ಲ ಕಡೆ ಹಿಡಿದಿತ್ತು, ಹಗ್ಗ ಉಜ್ಜಿದ ಒಂದು ಜಾಗ ಬಿಟ್ಟು. ಅಲ್ಲಿ ಹಲಸು ತನ್ನ ಬಣ್ಣ ತೋರಿಸುತ್ತಿತ್ತು. ಗಾರ್ಡ್ ಬಗ್ಗಿ ಅಲ್ಲಿಗೇ ಉಗುರು ಹಾಕಿ ಕೆರೆದ.

"ಮೂವತ್ತ ವರ್ಷದ ಮಂಚ ಇಷ್ಟ ಹಳದಿ ಯಾಕ ಐತಿ ಅವ್ವಾರ?"

ಅತ್ತೆ ಯಾವತ್ತೂ ತಡವರಿಸಿದವಳಲ್ಲ. ಹನ್ನೊಂದು ವರ್ಷ ವಾಚಮನ್ನನಿಗೆ ಉತ್ತರ ಕೊಟ್ಟ ಬಾಯಿ. ಪಟ್ಟನೆ, "ಹೆಂಗಸರ ಮಂಚ, ಅರಿಷಿಣ ಹತ್ತಿರತೈತಿ" ಎಂದಳು.

ಹೇಳಿ ಮುಗಿಯುವಷ್ಟರಲ್ಲಿ ತಪ್ಪು ನನಗೆ ಹೊಳೆಯಿತು. ನಮ್ಮ ಕಡೆ ಗಂಡ ಸತ್ತವಳು ಅರಿಶಿನ ಮುಟ್ಟುವಂತಿರಲಿಲ್ಲ. ಅತ್ತೆಯ ಹಣೆ ಬೋಳು, ಕೈ ಬೋಳು. ಮಗುವಿಗೂ ಗೊತ್ತಾಗುವಂಥ ಸುಳ್ಳು. ಗಾರ್ಡ್ ಅವಳ ಹಣೆ ನೋಡಿದ. ಅವನು ನೋಡಿದ್ದನ್ನು ಅತ್ತೆ ನೋಡಿದಳು. ಒದ್ದೆ ಟವೆಲನ್ನು ಹಣೆಯ ಮೇಲೆ ಎಳೆದುಕೊಂಡಳು. ಇಷ್ಟು ಹೊತ್ತು ನನಗೆ ತಮಾಷೆಯಾಗಿದ್ದದ್ದು ಆಗ ತಮಾಷೆಯಾಗಿ ಉಳಿಯಲಿಲ್ಲ. ಅವನು ಇಳಿಸಿ ಎಂದರೆ ಮಂಚ ಅಲ್ಲೇ ಉಳಿಯುತ್ತದೆ. ನಾನು ಅತ್ತೆಯನ್ನು ಬಸ್ಸಿನಲ್ಲಿ ಕೂರಿಸಿ ವಾಪಸು ಕರೆತರಬೇಕು, ಗೇಟಿನಲ್ಲಿ ಹೆಬ್ಬೆಟ್ಟು ಒತ್ತಿಸಬೇಕು.

ಅತ್ತೆ ಏಳಲು ಹೋದಳು. ಇಳಿದು ಕಾಲಿಗೆ ಬೀಳಬೇಕೆಂದಿದ್ದಳೋ, ಜಗಳ ತೆಗೆಯಬೇಕೆಂದಿದ್ದಳೋ.

"ಏಳಬ್ಯಾಡ್ರಿ" ಎಂದ ಗಾರ್ಡ್. "ಮಲಗ್ರಿ. ನೀವು ಎದ್ರ ಅದು ಕಟ್ಟಿಗಿ ಆಗತೈತಿ."

ಅವನು ಕೆಳಗಿಳಿದು, ಬಿದಿರಿನ ತುದಿಯ ಕಲ್ಲನ್ನು ಒತ್ತಿದ. ಬಿದಿರು ಮೇಲೆದ್ದಿತು. ಲಾರಿ ಹೊರಡುವಾಗ ನನ್ನ ಕಡೆ ನೋಡಿ, "ಮುಂಡಗೋಡದ ಕಡೆ ನನ್ನ ತಂಗೀನ್ನ ಕೊಟ್ಟೈತಿ. ಬಂದಾಗ ಮಂಚ ನೋಡಿ ಹೋಗತೇನಿ" ಎಂದ. ನಕ್ಕು ಹೇಳಿದನೋ ನಗದೆ ಹೇಳಿದನೋ, ಆ ಮುಖವನ್ನು ಎಷ್ಟು ಸಲ ಎದುರಿಗೆ ತಂದುಕೊಂಡರೂ ಒಂದೊಂದು ಸಲ ಒಂದೊಂದು ಥರ ಕಾಣುತ್ತದೆ. ಅತ್ತೆ ಹಳಿಯಾಳದವರೆಗೂ ಮಂಚದಿಂದ ಇಳಿಯಲಿಲ್ಲ. ಚಹಾ ಮೇಲೆಯೇ ಕೊಟ್ಟೆ, ಮಲಗಿಕೊಂಡೇ ಕುಡಿಯಲು ಹೋಗಿ ಕುತ್ತಿಗೆ ಸುಟ್ಟುಕೊಂಡಳು.

ಊರಿನಲ್ಲಿ ಕಾಲು ಬಿಚ್ಚಿ, ಹಲಗೆ ತೆಗೆದು, ಕಂಡಿಯಲ್ಲಿದ್ದ ಎಮ್ಮೆಯನ್ನು ಬೇರೆ ಕಡೆ ಕಟ್ಟಿ, ಕಾರಹುಣ್ಣಿಮೆಗೆ ಎರಡು ದಿನ ಮೊದಲು ಚೌಕಟ್ಟು ನಿಲ್ಲಿಸಿದೆವು. ಮೇಲೆ ಉಳಿದ ಜಾಗವನ್ನು ಮಣ್ಣಿನಿಂದ ಮುಚ್ಚಿದೆವು. ಹಿರಿಯರು ಬಂದರು, ಭಾವ ಬಂದ. ಜನ ನೋಡಿ ನಕ್ಕರು.

"ಇದು ಬಾಗಲಾ ಏನು? ಕೋಳಿ ಗೂಡು" ಎಂದ ಭಾವ. "ಮನಶ್ಯಾರು ಹೋಗೂ ಹಂಗ ಇರಬೇಕು. ಇದು ಲೆಕ್ಕಕ್ಕ ಬರೂದಿಲ್ಲ."

ಅತ್ತೆ ಹೊಸ್ತಿಲ ಒಳಗೆ ನಿಂತಿದ್ದಳು. ಅವಳಿಗೆ ಎಲ್ಲಿಯೂ ತಾಗಿರಲಿಲ್ಲ. "ಚೌಕಟ್ಟ ನಿಂದರಸಬೇಕು ಅಂದ್ರಿ. ಎಷ್ಟ ಎತ್ತರ ಅಂತ ಯಾರಂದ್ರಿ? ಹಿರ್ಯಾರು ಅದಾರ, ಕೇಳ್ರಿ."

ಎತ್ತರದ ಮಾತು ಬಂದಿರಲಿಲ್ಲ ಎಂಬುದು ನಿಜ. ಹಿರಿಯರಲ್ಲಿ ಎಲ್ಲರಿಗಿಂತ ಮುದುಕನಾದವನು, ನೋಡೇಬಿಡೂಣು ಎಂದು ತಲೆಗೆ ಸುತ್ತಿದ ಪಟಗ ತೆಗೆದು ಕಂಕುಳಲ್ಲಿಟ್ಟು, ಬಗ್ಗಿ ಒಳಗೆ ಹೋಗಿ, ಬಗ್ಗಿ ಹೊರಬಂದ.

"ಹೋಗಾಕ ಬರತೈತಿ" ಎಂದ. "ಸೊಂಟಾ ಒಂದೀಟ ನೋಯತೈತಿ. ಮನಿ ಆಕೀದು."

ಭಾವ ಆ ಬಾಗಿಲೊಳಗೆ ಎಂದೂ ಹೋಗಲಿಲ್ಲ. ಬಗ್ಗಬೇಕಾಗುತ್ತಿತ್ತಲ್ಲ. ಅತ್ತೆಗೆ ಅದರಿಂದ ಅನುಕೂಲವೇ ಆಯಿತು.

ಗಾರ್ಡ್ ಬಂದ ದಿನ ನಾನು ಅಲ್ಲಿರಲಿಲ್ಲ. ಆ ವರ್ಷದ ದೀಪಾವಳಿಯ ಆಸುಪಾಸು. ಈ ಭಾಗ ಪೂರಾ ಕೇಳಿದ್ದು, ಕೇಳಿದ್ದೂ ಎರಡು ಥರ.

ಅತ್ತೆ ಹೇಳಿದ್ದು ಹೀಗೆ. ಮಧ್ಯಾಹ್ನ ಅವನು ಬಂದು ಕಟ್ಟೆಯ ಮೇಲೆ ಕೂತ, ಮಜ್ಜಿಗೆ ಕೊಟ್ಟಳು, ಕುಡಿದ. ಮಂಚ ಎಲ್ಲೈತಿ ಎಂದು ಕೇಳಿದ. ಮುರೀತ್ರಿ ಎಂದಳು. ಯಾವಾಗ? ಇಲ್ಲಿ ಬಂದ ಮರುದಿನಾನ. ತುಂಡು? ನಿಮ್ಮ ಬೆನ್ನ ಹಿಂದ. ಅವನು ತಿರುಗಿ ಚೌಕಟ್ಟು ನೋಡಿದ, ಸುಟ್ಟ ಗುರುತಿನ ಮೇಲೆ ಬೆರಳಾಡಿಸಿದ, ಚಲೋ ಕೆಲಸ ಮಾಡ್ಯಾನ ಎಂದ, ಎದ್ದು ಹೋದ.

ಆ ವಾರ ಅಲ್ಲಿಗೆ ಹೋಗಿ ಉಳಿದಿದ್ದ ಕೋಗಿಲಬನದ ಗೆಳತಿ ಇದನ್ನು ಕೇಳಿ ಕೈಬೀಸಿದಳು. "ಸುಳ್ಳ ಹೇಳತಾಳ. ಖಾಕಿ ಕಂಡ ಕೂಡ್ಲೆ ನನ್ನ ಒಳಗ ಎಳಕೊಂಡು ಅಗಳಿ ಹಾಕಿದ್ಲು." ಅವಳ ಪ್ರಕಾರ ಅವನು ಬಾಗಿಲು ಬಡಿದ, ಅತ್ತೆ ತಡೀರಿ ಬರ್ತೇನಿ ಎಂದಳು, ಹೋಗಲಿಲ್ಲ. ಅವನು ಹೊರಗಿನಿಂದ ಏನೋ ಹೇಳಿದ. ಎರಡು ಹಲಗೆಯ ನಡುವೆ ಸರಿಯಾಗಿ ಕೇಳಲಿಲ್ಲ. ಸ್ವಲ್ಪ ಹೊತ್ತು ಕಟ್ಟೆಯ ಮೇಲೆ ಕೂತ ಸಪ್ಪಳ, ಆಮೇಲೆ ಚಪ್ಪಲಿ ದೂರ ಹೋದ ಸಪ್ಪಳ.

ನಾನು ಮೊದಲನೆಯದನ್ನೇ ಎಲ್ಲರಿಗೂ ಹೇಳುತ್ತ ಬಂದಿದ್ದೇನೆ, ಅದರಲ್ಲಿ ಮಾತುಗಳು ಚೆನ್ನಾಗಿವೆ. ನಿಜ ಎರಡನೆಯದು ಇರಬೇಕು ಎಂದು ನನ್ನ ಗುಮಾನಿ. ಮುಂದೆ ಎರಡು ವರ್ಷ ನಾನು ಅದೇ ನಾಕಾ ಹಾಯ್ದು ಓಡಾಡಿದೆ. ಬಸ್ಸು ನಿಂತಾಗ ಅವನು ಕಿಟಕಿಯಲ್ಲಿ ನನ್ನನ್ನು ನೋಡಿ ತಲೆಯಾಡಿಸುತ್ತಿದ್ದ, ನಾನೂ ಆಡಿಸುತ್ತಿದ್ದೆ. ಒಮ್ಮೆ ಇಳಿದು ಕೇಳಬಹುದಾಗಿತ್ತು. ಆಮೇಲೆ ಅವನಿಗೆ ಎಲ್ಲಿಗೋ ವರ್ಗವಾಯಿತು. ಅತ್ತೆ ಆ ಮನೆಯಲ್ಲಿ ಹದಿನಾಲ್ಕು ವರ್ಷ ಇದ್ದು ತೀರಿಕೊಂಡಳು. ಅವನು ಅಂದು ಹಲಗೆಯ ಆಚೆಯಿಂದ ಏನು ಹೇಳಿದ, ಹೆದರಿಸಲು ಬಂದಿದ್ದನೋ, ತಂಗಿಯ ಊರಿಗೆ ಹೋಗುವ ದಾರಿಯಲ್ಲಿ ಬರೀ ನೀರು ಕೇಳಲು ಬಂದಿದ್ದನೋ, ನನಗೆ ಗೊತ್ತಿಲ್ಲ.